ಲಕ್ಕಿ ಇಲ್ಲದ ಏರಿ

ನನ್ನ ಎರಡು ಕಿವಿಗೂ ಹತ್ತಿ ತುರುಕಿ, ಅದರ ಮೇಲೆ ತಲೆಗೆ ಬಟ್ಟೆ ಬಿಗಿದು, ಕೋಣೆಯ ಬಾಗಿಲು ಮುಂದೆ ಮಾಡಿ ನನ್ನನ್ನು ಮಲಗಿಸಿದ್ದರು. ಮೊದಲ ಹೆರಿಗೆ, ಹೆಣ್ಣುಮಗು. ಬಾಣಂತಿಗೆ ಗಾಳಿ ತಾಗಬಾರದು, ಶೀತ ಹಿಡಿಯಬಾರದು, ಹೊಸಿಲು ದಾಟಬಾರದು ಎಂದು ನಮ್ಮ ಕಡೆ ಬಲು ಕಟ್ಟುನಿಟ್ಟು. ನಾನು ಅಂಥ ಹೇಳಿದ ಮಾತು ಕೇಳುವ ಮಗಳೇನಲ್ಲ. ಅವ್ವ ಅತ್ತ ಹೋದ ಕೂಡಲೇ ಒಂದು ಕಿವಿಯ ಹತ್ತಿ ಕಿತ್ತು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದೆ. ಹಾಗೆ ಕಿತ್ತ ಒಂದು ಬೆಳಿಗ್ಗೆ ಆ ಸದ್ದು ಕೇಳಿಸಿತು. ರಪ್. ಸ್ವಲ್ಪ ಬಿಟ್ಟು ಮತ್ತೆ ರಪ್. ಯಾರೋ ಒದ್ದೆ ಕಂಬಳಿಯನ್ನು ಕಲ್ಲಿಗೆ ಬಡಿಯುತ್ತಿದ್ದ ಹಾಗೆ. ಇಷ್ಟು ಹೊತ್ತಿನಲ್ಲಿ, ಈ ಜಡಿಮಳೆಯಲ್ಲಿ ಯಾರಪ್ಪಾ ಬಟ್ಟೆ ಒಗೆಯುವವರು ಎಂದುಕೊಂಡೆ.

ಅಷ್ಟರಲ್ಲಿ ನನಗೆ ನೀರು ಹುಯ್ಯುವ ಅಜ್ಜಿ ಬಂದಳು. ಹೆರಿಗೆ ಮಾಡಿಸಿದವಳೂ ಅವಳೇ. ದಿನಾ ಬರುವಾಗ ಒಂದು ಹೊರೆ ಲಕ್ಕಿ ಸೊಪ್ಪು ಮುರಿದು ತರುತ್ತಿದ್ದಳು, ಎಲ್ಲಿಂದ ಎಂದು ನಾನು ಕೇಳಿರಲಿಲ್ಲ. ಲಕ್ಕಿ ಸೊಪ್ಪು ಹಾಕಿ ಕುದಿಸಿದ ನೀರಲ್ಲದೆ ನಮ್ಮಲ್ಲಿ ಬಾಣಂತಿಗೆ ಬೇರೆ ನೀರು ಹುಯ್ಯುವುದಿಲ್ಲ. ಮೈಕೈ ನೋವಿಗೆ ಅದೇ ಮದ್ದು, ಸೊಳ್ಳೆಗೆ ಅದರದೇ ಹೊಗೆ. ಅಜ್ಜಿ ಆವತ್ತು ಬರಿಗೈಯಲ್ಲಿ ಬಂದು ಬಚ್ಚಲ ಮುಂದೆ ಕೂತುಬಿಟ್ಟಳು.

"ಲಕ್ಕಿ ಎಲ್ಲಜ್ಜಿ?" ಅಂದೆ ಒಳಗಿನಿಂದಲೇ.

"ಎಲ್ಲಿ ತರ್ಲವ್ವ? ಇಷ್ಟು ದಿನ ಊರಾಚೆ ಬೇಲಿಯಿಂದ ತಂದೆ, ಅದೂ ಮುಗೀತು. ಏರಿ ಮೇಲೆ ನಿಮ್ಮಪ್ಪ ಒಂದ್ ಕಡ್ಡಿ ಉಳ್ಸಿದ್ರಲ್ವ. ಏರಿ ಬೋಳು ಬೋಳಾಗೈತೆ. ಅಲೆ ಬಂದ್ ಬಂದ್ ಹೊಡೀತೈತೆ ಕಣವ್ವ, ಮಣ್ಣು ಹೆಂಟೆ ಹೆಂಟೆ ಬೀಳ್ತಾವೆ."

ನನಗೆ ಆಗ ಗೊತ್ತಾಯಿತು. ಬಟ್ಟೆ ಒಗೆಯುತ್ತಿದ್ದವರು ಯಾರೂ ಇಲ್ಲ. ಕೆರೆ ಏರಿಗೆ ಹೊಡೆಯುತ್ತಿತ್ತು.

ನಮ್ಮ ಮನೆ ಗುಬ್ಬಿಗೂ ಬೆಳ್ಳಾವಿಗೂ ನಡುವಿನ ಒಂದು ಊರಿನಲ್ಲಿ, ಕೆರೆ ಏರಿಯ ಕೆಳಗೆ ಇತ್ತು. ಊರು ಏರಿಯ ಆಚೆ ತುದಿಯಲ್ಲಿ, ದಿಬ್ಬದ ಮೇಲೆ. ನಾವು ಮತ್ತು ಇನ್ನು ನಾಲ್ಕಾರು ಮನೆಯವರು ಮಾತ್ರ ಕೆಳಗೆ. ಏರಿಯ ಜಿನುಗು ನೀರಿಗೆ ತೆಂಗು ಚೆನ್ನಾಗಿ ಬರುತ್ತದೆ ಎಂದು ನಮ್ಮ ತಾತ ಅಲ್ಲಿ ತೋಟ ಹಾಕಿ, ತೋಟದ ಆಸೆಗೆ ಮನೆಯನ್ನೂ ಅಲ್ಲೇ ಕಟ್ಟಿಸಿದ್ದರಂತೆ. ಮನೆಯ ಮುಂದೆ ಏರಿ, ಹಿತ್ತಲ ಹಿಂದೆ ಹಳ್ಳ. ಕೆರೆ ತುಂಬಿ ಕೋಡಿ ಬಿದ್ದರೆ ಹೆಚ್ಚಾದ ನೀರು ಆ ಹಳ್ಳದಲ್ಲಿ ಹೋಗಬೇಕು. ಹೊರಗೆ ಹೋಗಲು ಇದ್ದದ್ದು ಏರಿಯ ಮೇಲಿನ ಗಾಡಿದಾರಿ ಒಂದೇ. ಕೆರೆ ಬತ್ತಿದ ವರ್ಷಗಳಲ್ಲಿ ಇದೆಲ್ಲ ಯಾರ ತಲೆಗೂ ಬರುತ್ತಿರಲಿಲ್ಲ. ಹಳ್ಳದಲ್ಲಿ ದನ ಮೇಯುತ್ತಿದ್ದವು.

ಅಪ್ಪ ಏರಿಯನ್ನು ಬೋಳಿಸಿದ್ದು ಯಾಕೆ ಎಂದು ಹೇಳಬೇಕಾದರೆ ಅವ್ವನ ತವರಿನ ಸುದ್ದಿ ಎತ್ತಲೇಬೇಕು. ಅವ್ವ ಕುಣಿಗಲ್ಲಿನವಳು. ಅಲ್ಲಿಯ ದೊಡ್ಡ ಕೆರೆ ನೋಡಿ ಬೆಳೆದವಳು. ಮದುವೆಯಾಗಿ ಬಂದ ಮೊದಲ ದಿನವೇ ನಮ್ಮ ಕೆರೆಯನ್ನು ನೋಡಿ "ಇದೇನ್ ಕೆರೇನೋ ಕಟ್ಟೇನೋ?" ಅಂದಳಂತೆ. ಅಪ್ಪನಿಗೆ ಆ ಮಾತು ಚುಚ್ಚಿ ಕೂತಿತ್ತು. ಅವನು ಕೆರೆಯ ಮಾತೆತ್ತಿದರೆ ಸಾಕು, ಅವ್ವ ಒಲೆಯ ಮುಂದಿನಿಂದಲೇ, "ನಮ್ಮ ಕುಣಿಗಲ್ ಕೆರೇಲಿ ಆದ್ರೆ..." ಎಂದು ಶುರು ಮಾಡುತ್ತಿದ್ದಳು. ಅಪ್ಪ ಟವೆಲ್ ಕೊಡವಿ ಎದ್ದು ಹೋಗುತ್ತಿದ್ದ. ಮಕ್ಕಳಾದ ನಮಗೆ ಇದು ದಿನದ ತಮಾಷೆ. ಅವನು ಇಪ್ಪತ್ತು ವರ್ಷ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಎಂದು ನಮಗೇನು ಗೊತ್ತು?

ಎಪ್ಪತ್ತರ ದಶಕದ ಕೊನೆಗೆ ಒಂದು ವರ್ಷ ಮಳೆ ಹಿಡಿದು ನಮ್ಮ ಕೆರೆ ತುಂಬಿತು. ನಾನು ಕಣ್ಣು ಬಿಟ್ಟ ಮೇಲೆ ಅದು ಕೋಡಿ ಬಿದ್ದದ್ದು ಅದೇ ಮೊದಲು. ನನ್ನ ಗಂಡ ಆಗ ಹಿರೇಹಳ್ಳಿ ಕಡೆ ಒಂದು ವರ್ಕ್‌ಶಾಪಿನಲ್ಲಿದ್ದರು. ತುಮಕೂರಿನಲ್ಲಿ ಬಾಡಿಗೆ ಮನೆ ಮಾಡಿದ್ದೆವು. ನಾನು ತುಂಬಿದ ಬಸುರಿ, ತವರಿಗೆ ಬಂದು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದೆ. ಅಪ್ಪ ಊರಿನ ಮುಖಂಡ. ಕೆರೆಗೆ ಬಾಗಿನ ಕೊಡಲು ತುಮಕೂರಿನಿಂದ ದೊಡ್ಡವರನ್ನು ಕರೆಸುವುದೆಂದು ತೀರ್ಮಾನ ಮಾಡಿಸಿದ. ಆಮೇಲೆ ಅವನಿಗೆ ಊಟ ನಿದ್ದೆ ಎರಡೂ ಬೇಡವಾಯಿತು.

"ಏರಿ ಪೊದೆ ಪೊದೆಯಾಗಿದ್ರೆ ಬಂದೋರು ಏನಂತಾರೆ? ಗಂಗಮ್ಮ ಬಂದವ್ಳೆ, ಮನೆ ಮುಂದೆ ಗುಡಿಸೋ ಯೋಗ್ಯತೆ ಇಲ್ಲ ಇವ್ರಿಗೆ ಅನ್ನಲ್ವಾ?" ಅಂದ.

ಊರಿನವರೆಲ್ಲ ಮಚ್ಚು, ಕುಡುಗೋಲು, ಗುದ್ದಲಿ ಹಿಡಿದು ಏರಿಗೆ ಬಿದ್ದರು. ಏರಿಯ ಒಳಮೈಗೆ ಮುಚ್ಚಿಕೊಂಡು ಬೆಳೆದ ಲಕ್ಕಿ ಗಿಡ, ನೀರಿನಂಚಿನ ಜೊಂಡು, ಕೊನೆಗೆ ಗರಿಕೆಯನ್ನೂ ಕೆರೆದು ತೆಗೆದರು. ಲಕ್ಕಿ ಮತ್ತೆ ಚಿಗುರಬಾರದು ಎಂದು ಬೇರು ಸಮೇತ ಅಗೆದರು. ಯಾರಿಗೂ ಇದು ತಪ್ಪು ಅನ್ನಿಸಲಿಲ್ಲ. ದೇವರು ಬರುವ ಮನೆಯನ್ನು ಸಾರಿಸಿ ಗುಡಿಸಿದ ಹಾಗೆ ಎಲ್ಲರೂ ಭಕ್ತಿಯಿಂದಲೇ ಮಾಡಿದರು. ಮಾಡಿ ಮುಗಿಸಿದ ಮೇಲೆ ಏರಿ ಕೆಂಪಗೆ, ನುಣ್ಣಗೆ, ಮದುವಣಿಗನ ಕೆನ್ನೆಯ ಹಾಗೆ ಕಾಣುತ್ತಿತ್ತು. ಉದ್ದಕ್ಕೂ ಸಗಣಿ ನೀರು ಹಾಕಿ ರಂಗೋಲಿ ಬಿಟ್ಟರು. ಅಪ್ಪ ಅವ್ವನನ್ನು ಕೈ ಹಿಡಿದು ಕರೆದುಕೊಂಡು ಹೋಗಿ ಏರಿಯ ಮೇಲೆ ನಿಲ್ಲಿಸಿದ.

"ಈಗ ಹೇಳೇ, ನಿಮ್ ಕುಣಿಗಲ್ ಏರಿ ಹಿಂಗೈತಾ?"

ಅವ್ವ ಸೋತೆ ಎನ್ನುವ ಹಾಗೆ ನಕ್ಕಳು. ಅಪ್ಪನ ಮುಖ ಅಷ್ಟು ಹಿಗ್ಗಿದ್ದನ್ನು ನಾನು ನನ್ನ ಮದುವೆಯಲ್ಲೂ ನೋಡಿರಲಿಲ್ಲ.

ಬಾಗಿನದ ದಿನ ಏರಿಯ ಮೇಲೆ ತೆಂಗಿನ ಗರಿಯ ದೊಡ್ಡ ಚಪ್ಪರ. ಜೀಪು ಬಂತು, ವಾಲಗ ಊದಿತು. ಅರಿಸಿನ, ಕುಂಕುಮ, ಬಳೆ, ರವಿಕೆ ಕಣ ಇಟ್ಟು ಮುಚ್ಚಿದ ಜೋಡಿ ಮೊರಗಳನ್ನು ನೀರಿಗೆ ಬಿಟ್ಟರು. ನಾನು ಅಷ್ಟು ದೊಡ್ಡ ಹೊಟ್ಟೆ ಹೊತ್ತುಕೊಂಡು, ಅವ್ವ ಬೇಡವೆಂದರೂ ಏರಿ ಹತ್ತಿ ನೋಡಿದೆ. ಮೊರಗಳು ಸ್ವಲ್ಪ ದೂರ ಹೋದವು. ಗಾಳಿ ಬಂತು. ಹೋದ ಮೊರಗಳು ತಿರುಗಿ ಬಂದು ಏರಿಗೆ ಟಕ್ ಟಕ್ ಎಂದು ಬಡಿಯತೊಡಗಿದವು. "ಗಂಗಮ್ಮ ಊರಿಗೇ ವಾಪಸ್ ಕೊಡ್ತಾವ್ಳೆ, ಒಳ್ಳೆ ಶಕುನ" ಎಂದು ಎಲ್ಲರೂ ಕೈ ಮುಗಿದರು. ನಾನೂ ಮುಗಿದೆ. ಅವು ಬಡಿಯುತ್ತಿದ್ದ ಜಾಗದಲ್ಲಿ ಒಂದು ಹಿಡಿ ಮಣ್ಣು ಜಾರಿ ನೀರಿಗೆ ಬಿದ್ದದ್ದನ್ನು ಎಲ್ಲರೂ ಕಂಡೆವು. ಯಾರ ಮನಸ್ಸಿಗೂ ಅದು ತಟ್ಟಲಿಲ್ಲ.

ಮಗು ಹುಟ್ಟಿ ಒಂದು ವಾರವಾಗಿತ್ತೋ ಏನೋ, ಮೂಡಗಾಳಿ ಎದ್ದಿತು. ಸಮುದ್ರದ ಮೇಲೆ ವಾಯುಭಾರ ಕುಸಿದಿದೆ ಎಂದು ರೇಡಿಯೋ ಹೇಳುತ್ತಿತ್ತು. ಸಮುದ್ರ ಎಲ್ಲೋ, ನಾವೆಲ್ಲೋ. ಆದರೆ ಆ ಗಾಳಿ ಕೆರೆಯ ಉದ್ದಕ್ಕೂ ತಡೆಯಿಲ್ಲದೆ ಓಡಿಬಂದು ಅಲೆಗಳನ್ನೆಲ್ಲ ನಮ್ಮ ಏರಿಯ ಕಡೆಗೇ ನೂಕುತ್ತಿತ್ತು. ತೂಬಿನ ಹತ್ತಿರ ಏರಿಗೆ ಕಲ್ಲು ಕಟ್ಟಿತ್ತು, ಅಲ್ಲಿ ಭಯವಿರಲಿಲ್ಲ. ನಮ್ಮ ಮನೆಯ ನೇರಕ್ಕೆ ಕಲ್ಲು ಯಾವತ್ತೋ ಜಾರಿ ಹೋಗಿ, ಮಣ್ಣನ್ನು ಇಷ್ಟು ಕಾಲ ಲಕ್ಕಿಯ ಬೇರೇ ಹಿಡಿದುಕೊಂಡಿತ್ತು. ಅದು ನಮಗೆ ಗೊತ್ತಾದದ್ದು ಬೇರು ಕಿತ್ತ ಮೇಲೆ.

ಅಜ್ಜಿ ಹೇಳಿದ ಮಾತನ್ನು ಅವ್ವ ಅಪ್ಪನಿಗೆ ಹೇಳಿದಳು. ಅಪ್ಪ, "ಹೊಸ ನೀರಲ್ವಾ, ಒಂಚೂರು ಕೊಚ್ತದೆ ಬುಡು" ಎಂದು ಹೊರಟ. ಆದರೆ ಅವನು ತಿಂಡಿ ತಿನ್ನದೆ ಹೋದದ್ದನ್ನು ನಾನು ಕೋಣೆಯಿಂದಲೇ ಗಮನಿಸಿದೆ.

ನನ್ನ ಕೋಣೆಗೆ ಒಂದು ಸಣ್ಣ ಕಿಟಕಿ. ಅದಕ್ಕೆ ಗೋಣಿತಾಟು ಕಟ್ಟಿದ್ದರು. ನಾನು ತಾಟನ್ನು ಸರಿಸಿ ನೋಡಿದರೆ ಅರ್ಧ ಆಕಾಶಕ್ಕೆ ಏರಿ. ಆಚೆ ಇರುವ ನೀರು ಕಾಣುತ್ತಿರಲಿಲ್ಲ, ಏರಿಯ ಮೇಲೆ ನಿಂತವರು ಮಾತ್ರ ಕಾಣುತ್ತಿದ್ದರು. ಅವರೆಲ್ಲರೂ ನಮಗೆ ಬೆನ್ನು ಮಾಡಿ, ಬಗ್ಗಿ ನೀರಿನ ಕಡೆಗೇ ನೋಡುತ್ತಿದ್ದರು. ಆಗಾಗ ಒಬ್ಬ ತಿರುಗಿ ನಮ್ಮ ಮನೆಯ ಮೇಲೆ ಕಣ್ಣು ಹಾಯಿಸಿ ಮತ್ತೆ ಆ ಕಡೆ ತಿರುಗುತ್ತಿದ್ದ. ಅವರು ಹಾಗೆ ನೋಡಿದಾಗಲೆಲ್ಲ ನಾನು ತಾಟನ್ನು ಇಳಿಬಿಡುತ್ತಿದ್ದೆ, ಮತ್ತೆ ಸರಿಸುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಏರಿಯ ತಲೆಯ ಮೇಲಿಂದ ನೀರಿನ ಹನಿಗಳು ಈಚೆಗೆ ಹಾರಿ ಬಂದವು. ಮಳೆ ಆಗ ನಿಂತಿತ್ತು. ಅದು ಕೆರೆಯ ನೀರು.

ಮಗು ಮೊರದಲ್ಲಿ ಮಲಗಿತ್ತು. ತೊಟ್ಟಿಲಿಗೆ ಹಾಕುವುದು ನಾಮಕರಣದ ದಿನ. ಅಲ್ಲಿಯವರೆಗೆ ಹಳೆಯ ಸೀರೆ ಹಾಸಿದ ಮೊರದಲ್ಲೇ ಮಲಗಿಸುತ್ತಿದ್ದೆವು. ಆ ಮೊರವನ್ನು ನೆಲದಿಂದ ಎತ್ತಿ ನನ್ನ ಮಂಚದ ಮೇಲೆ ಇಟ್ಟುಕೊಂಡೆ. ನೀರು ಬಂದರೆ ಮಂಚದ ಎತ್ತರ ಏನು ಸಾಕಾಗುತ್ತದೆ ಎಂಬ ಬುದ್ಧಿಯೂ ನನಗೆ ಆಗ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಗುಬ್ಬಿಯಿಂದ ಓವರ್ಸಿಯರ್ ಸೈಕಲ್ಲಿನಲ್ಲಿ ಬಂದರು. ಸಣ್ಣ ವಯಸ್ಸಿನವರು, ಒಳ್ಳೆಯವರು. ಏರಿಯ ಉದ್ದಕ್ಕೂ ನಡೆದು ನಮ್ಮ ಅಂಗಳಕ್ಕೆ ಇಳಿದರು. ಪ್ಯಾಂಟೆಲ್ಲ ಕೆಸರು. ಅಂಗಳದ ಮಾತು ನನ್ನ ಕಿಟಕಿಗೆ ಸ್ಪಷ್ಟವಾಗಿ ಬರುತ್ತಿತ್ತು.

"ಯಜಮಾನ್ರೇ, ಏರಿ ತಲೆ ಅಗಲ ಅರ್ಧಕ್ಕೆ ಬಂದಿದೆ. ಇನ್ಮೇಲೆ ಗಾಡಿ ಬಿಡ್ಬೇಡಿ, ಅದುರಿದ್ರೆ ಇನ್ನಷ್ಟು ಕುಸಿಯುತ್ತೆ. ಕಲ್ಲು ತರಿಸೋಣ ಅಂದ್ರೆ ಲಾರಿ ಹತ್ತೋ ಹಾಗಿಲ್ಲ."

"ಮತ್ತೇನ್ ಮಾಡದು ಸ್ವಾಮಿ?"

"ಸಾಯಂಕಾಲದವರೆಗೂ ನೋಡ್ತೀನಿ. ಕಡಿಮೆ ಆಗ್ಲಿಲ್ಲ ಅಂದ್ರೆ ಕೋಡಿ ಕಡಿದು ನೀರು ಬಿಡಬೇಕು. ಬೇರೆ ದಾರಿ ಇಲ್ಲ."

ಕೋಡಿ ಕಡಿದರೆ ನೀರೆಲ್ಲ ನಮ್ಮ ಹಿತ್ತಲ ಹಿಂದಿನ ಹಳ್ಳಕ್ಕೇ ಬರಬೇಕು. ಹಳ್ಳ ಆಗಲೇ ದಡ ಮುಟ್ಟಿ ಹರಿಯುತ್ತಿತ್ತು. ಏರಿ ಒಡೆದರೆ ಮುಂದಿನ ಬಾಗಿಲಿಗೆ ನೀರು, ಕೋಡಿ ಕಡಿದರೆ ಹಿಂದಿನ ಬಾಗಿಲಿಗೆ ನೀರು. ನಡುವೆ ನಾನು, ಮೊರದಲ್ಲಿ ಮಗು.

ಗೊಬ್ಬರದ ಚೀಲಗಳಿಗೆ ಮಣ್ಣು ತುಂಬಿ ಏರಿಯ ಒಳಮೈಗೆ ಜೋಡಿಸಿದರು. ಬೆಳಗಿನಿಂದ ಹತ್ತಾರು ಜನ ದುಡಿದರು. ಅಲೆ ಚೀಲಗಳ ಹಿಂದಿನ ಮಣ್ಣನ್ನೇ ಹೀರಿ ಎಳೆಯಿತು. ಚೀಲಗಳು ಒಂದೊಂದಾಗಿ ಮಗ್ಗುಲು ಹೊರಳಿ ನೀರಿಗೆ ಬಿದ್ದವು. ನಾನು ನೋಡಲಿಲ್ಲ, ಏರಿಯ ಮೇಲಿನವರು ಒಟ್ಟಿಗೆ "ಹೋಯ್ತು, ಹೋಯ್ತು" ಎಂದು ಕೂಗಿದ್ದು ಕೇಳಿಸಿತು.

ಸ್ವಲ್ಪ ಹೊತ್ತಿಗೆ ಅಪ್ಪ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತ. ಗಂಡಸರು ಬಾಣಂತಿ ಕೋಣೆಯ ಕಡೆ ಸುಳಿಯುವುದಿಲ್ಲ. ಮಗು ಹುಟ್ಟಿದ ಮೇಲೆ ಅಪ್ಪ ನನ್ನ ಮುಖ ನೋಡಿದ್ದು ಅದೇ ಮೊದಲು. ಮೈಯೆಲ್ಲ ನೀರು ಸೋರುತ್ತಿತ್ತು.

"ಏಳವ್ವ. ಮಗೀನ ಸುತ್ಕೊ. ನಡ್ಕೊಂಡ್ ಹೋಗ್ಬುಡನ. ಗಾಡಿ ಬಿಡಲ್ವಂತೆ. ನಾನ್ ಕೈ ಹಿಡ್ಕಂತೀನಿ."

"ಎಲ್ಲಿ ನಡೀಲಿ? ಕುಸೀತಿರೋ ಏರಿ ಮೇಲೇನಾ?"

"ಇನ್ನೆಲ್ ದಾರಿ ಐತೆ?"

ನನಗೆ ಏನಾಯಿತೋ. ಭಯ, ಸಿಟ್ಟು, ಬಾಣಂತನದ ನಿಶ್ಶಕ್ತಿ ಎಲ್ಲ ಸೇರಿ ಬಾಯಿಗೆ ಬಂತು. "ಏರಿ ಬೋಳ್ಸಿದ್ದು ಯಾರು? ನೀನೇ ಅಲ್ವಾ? ಅವ್ವನ ಮುಂದೆ ಮೀಸೆ ತಿರುವಾಕೆ ಏರಿ ಕೆರ್ಸಿದೆ. ಈಗ ನನ್ನ ಅದೇ ಏರಿ ಮೇಲೆ ಹತ್ತು ಅಂತೀಯಾ? ಹತ್ತಲ್ಲ ಹೋಗು."

ಅವ್ವ ನನ್ನ ಬಾಯಿ ಮುಚ್ಚಲು ಬಂದಳು. ಅಪ್ಪ ತಲೆ ತಗ್ಗಿಸಿ ಹಾಗೇ ನಿಂತ. ಅವನ ಕಣ್ಣಿನಿಂದ ನೀರು ಬಂತೋ, ತಲೆಯಿಂದ ಇಳಿಯುತ್ತಿದ್ದ ಕೆರೆಯ ನೀರೋ ನನಗೆ ತಿಳಿಯಲಿಲ್ಲ. ಇವತ್ತಿಗೂ ಆ ಮಾತು ಆಡಿದ್ದಕ್ಕೆ ನನಗೆ ಬೇಜಾರಿಲ್ಲ. ಯಾರಾದರೂ ಅದನ್ನು ಆಡಲೇಬೇಕಿತ್ತು, ಊರಿನಲ್ಲಿ ಬೇರೆ ಯಾರಿಗೂ ಬಾಯಿ ಇರಲಿಲ್ಲ.

ಏರಿ ಕೆರೆಸಿದ್ದನ್ನು ಎತ್ತಿ ಬಾಯಿ ತುಂಬ ಬೈದದ್ದಕ್ಕೋ ಏನೋ, ನನಗೆ ಆಗಲೇ ಆ ಜಾಗ ನೆನಪಾಯಿತು. ನಾವು ಹುಡುಗಿಯರು ಕೆರೆಗೆ ಬಟ್ಟೆ ಒಗೆಯಲು ಹೋದಾಗ ಜೊಂಡಿನ ಮಗ್ಗುಲಿನ ಕಲ್ಲು ಯಾರಿಗೂ ಬೇಕಿರಲಿಲ್ಲ. ಕೊನೆಗೆ ಬಂದವಳಿಗೆ ಆ ಕಲ್ಲು. ಯಾಕೆಂದರೆ ಅಲ್ಲಿ ಸೋಪಿನ ನೊರೆ ಎತ್ತಲೂ ಹೋಗುತ್ತಿರಲಿಲ್ಲ. ಬೇರೆ ಕಡೆ ಅಲೆ ಬಂದು ನೊರೆಯನ್ನು ಎಳೆದುಕೊಂಡು ಹೋಗುತ್ತಿತ್ತು. ಜೊಂಡಿನ ಸಂದಿಯಲ್ಲಿ ಮಾತ್ರ ಸಾಯಂಕಾಲದವರೆಗೂ ಬೆಳ್ಳಗೆ ನಿಂತಲ್ಲೇ ನಿಂತಿರುತ್ತಿತ್ತು. ಎಷ್ಟು ಗಾಳಿ ಬೀಸಿದರೂ ಅಲ್ಲಿ ಅಲೆ ಇಲ್ಲ.

"ಚೀಲ ಹಾಕ್ಬ್ಯಾಡ್ರಿ" ಅಂದೆ. "ಅಲೆ ಏರಿ ತಂಕ ಬಂದ್ಮೇಲೆ ಏನ್ ಹಾಕಿದ್ರೂ ಕೀಳ್ತದೆ. ನೀರೊಳಗೇ ಏನಾದ್ರೂ ಅಡ್ಡ ಹಾಕಿ. ಜೊಂಡಿದ್ದಂಗೆ. ಅವ್ವ, ಆ ಒಗೆಯೋ ಕಲ್ಲತ್ರ ನೊರೆ ನಿಲ್ತಿರ್ಲಿಲ್ವಾ?"

ಅಪ್ಪ ನನ್ನನ್ನು ಜ್ವರ ಬಂದವಳನ್ನು ನೋಡುವ ಹಾಗೆ ನೋಡಿದ. ಆದರೆ ಅವ್ವನಿಗೆ ಹೊಳೆಯಿತು. ಅವಳೂ ಆ ಕಲ್ಲಿನ ಮೇಲೆ ಒಗೆದವಳೇ. "ಹೂಂ ಕಣ್ರೀ, ನಮ್ಮೂರಲ್ಲೂ ಗಾಳಿ ಬಂದಾಗ ಗರಿ ಕಟ್ಟಿ ಇಳಿಬುಡ್ತಿದ್ರು. ನಾನ್ ಚಿಕ್ಕೋಳಿದ್ದಾಗ ನೋಡಿದ್ದು" ಅಂದಳು. ಅಂದವಳೇ ನಾಲಗೆ ಕಚ್ಚಿಕೊಂಡಳು. ಕುಣಿಗಲ್ಲಿನ ಹೆಸರನ್ನು ಅವಳು ಬಾಯಿಬಿಟ್ಟು ಹೇಳದೆ ನುಂಗಿಕೊಂಡದ್ದು ಅದೊಂದೇ ಸಲ.

ಅಪ್ಪ ನೇರ ಏರಿಗೆ ಹೊರಟ. ಓವರ್ಸಿಯರ್ ಕೇಳಿಸಿಕೊಂಡು, "ಮಾಡಿ ನೋಡೋಣ. ಸಾಯಂಕಾಲದವರೆಗೂ ಹೇಗಿದ್ರೂ ಕಾಯಬೇಕಲ್ಲ" ಎಂದು ತಾವೇ ಅಂಗಿ ಬಿಚ್ಚಿದರು.

ಮೊದಲು ಬಲಿಯಾದದ್ದು ಬಾಗಿನದ ಚಪ್ಪರ. ಇನ್ನೂ ಬಿಚ್ಚದೆ ಹಾಗೇ ನಿಂತಿತ್ತು. ದೊಡ್ಡವರು ಕೂತಿದ್ದ ಆ ಚಪ್ಪರವನ್ನು ಅಪ್ಪನೇ ಎಳೆದು ಕೆಡವಿದ್ದನ್ನು ಕಿಟಕಿಯಿಂದ ನೋಡಿದೆ. ಅದರ ಬಿದಿರು ಗಳಗಳನ್ನು ಏರಿಯಿಂದ ಸ್ವಲ್ಪ ಮುಂದೆ, ನೀರಿನಲ್ಲಿ ಗೂಟಗಳಾಗಿ ಹೊಡೆದರು. ನಮ್ಮ ತೋಟದ ಹಸಿ ಗರಿಗಳನ್ನು ಬುಡಕ್ಕೆ ಹಗ್ಗ ಕಟ್ಟಿ, ಎಲೆಯ ತುದಿ ನೀರಲ್ಲಿ ಮುಳುಗುವ ಹಾಗೆ ಏರಿಯಿಂದ ಇಳಿಬಿಟ್ಟರು. ಹೆಂಗಸರೆಲ್ಲ ನಮ್ಮ ಹಿತ್ತಲಿಗೆ ಬಂದರು. ಅಲ್ಲಿ ವರ್ಷಗಟ್ಟಲೆ ಸುಲಿದ ಕಾಯಿಯ ಮಟ್ಟೆ ರಾಶಿ ಬಿದ್ದಿತ್ತು, ಬಚ್ಚಲ ಒಲೆಗೆ ಬಿಟ್ಟರೆ ಯಾತಕ್ಕೂ ಬಾರದ್ದು. ಆ ಮಟ್ಟೆಗಳನ್ನು ಹೆಣೆದ ಗರಿಯಲ್ಲಿ ಸುತ್ತಿ, ಹಾಸಿಗೆ ಸುರುಳಿಯಷ್ಟು ದಪ್ಪದ ಉದ್ದುದ್ದ ಉರುಳೆ ಮಾಡಿ, ನಾರಿನ ಹಗ್ಗದಲ್ಲಿ ಬಿಗಿದರು. ಹೊತ್ತು ತಂದು ಗೂಟದಿಂದ ಗೂಟಕ್ಕೆ ಕಟ್ಟಿ ನೀರಿನ ಮೇಲೆ ತೇಲಬಿಟ್ಟರು.

ಇದನ್ನೆಲ್ಲ ನಾನು ಕಂಡದ್ದು ಅರ್ಧ, ಕೇಳಿದ್ದು ಅರ್ಧ. ಎರಡೂ ಕಿವಿಯ ಹತ್ತಿ ಕಿತ್ತು ಬಿಸಾಕಿದ್ದೆ. ರಪ್ ರಪ್ ಸದ್ದು ನಿಂತಿರಲಿಲ್ಲ. ಒಂದು ಸಲ ದೊಡ್ಡದಾಗಿ ಧಡ್ ಅಂದಿತು. ಏರಿಯ ಮೇಲೆ ನಿಂತವರೆಲ್ಲ ಒಂದೇ ಏಟಿಗೆ ಹಿಂದಕ್ಕೆ ಹಾರಿದರು. ಒಬ್ಬಳು ಹೆಂಗಸು ನಮ್ಮ ಕಡೆಯ ಇಳಿಜಾರಿನಲ್ಲಿ ಜಾರಿ ಬಿದ್ದಳು. ನಾನು ಮೊರವನ್ನು ಎದೆಗೆ ಅವುಚಿಕೊಂಡು ಗೋಡೆಗೆ ಒರಗಿದೆ. ನೀರು ಈಗ ಬಂತು, ಈಗ ಬಂತು ಎಂದು ಕಣ್ಣು ಮುಚ್ಚಿದೆ. ಬರಲಿಲ್ಲ. ಏರಿಯ ತಲೆ ಇನ್ನೊಂದಿಷ್ಟು ಕುಸಿದಿತ್ತು, ಅಷ್ಟೆ. ಉಳಿದದ್ದು ಒಬ್ಬರು ನಡೆಯುವಷ್ಟು ಅಗಲ ಎಂದು ಯಾರೋ ಕೂಗಿ ಹೇಳಿದರು. ಅಪ್ಪ ಎದೆಮಟ್ಟ ನೀರಿನಲ್ಲಿ ನಿಂತು ಗೂಟ ಹಿಡಿದಿದ್ದಾನೆ, ಬಾ ಅಂದರೂ ಮೇಲೆ ಬರುತ್ತಿಲ್ಲ ಎಂದೂ ಹೇಳಿದರು. ಅವನಿಗೆ ಈಜು ಬರುತ್ತಿರಲಿಲ್ಲ.

ಹಗ್ಗ ಸಾಲದೆ ಬಂತು. ಬಾವಿಯ ಹಗ್ಗ ಹೋಗಿತ್ತು, ಎತ್ತಿನ ಹಗ್ಗ ಹೋಗಿತ್ತು, ಪಕ್ಕದ ಮನೆಯವರ ಮಂಚದ ಹುರಿಯನ್ನೂ ಬಿಚ್ಚಿ ಒಯ್ದಿದ್ದರು. ಕೊನೆಯ ಉರುಳೆ ಒಂದು ಕಡೆ ಬಿಚ್ಚಿಕೊಂಡು ಒದ್ದಾಡುತ್ತಿದೆ, ಅದು ಹೋದರೆ ಉಳಿದವನ್ನೂ ಎಳೆದುಕೊಂಡು ಹೋಗುತ್ತದೆ ಎಂದು ಅವ್ವ ಓಡಿ ಬಂದಳು. ಕೋಣೆಯ ಮೂಲೆಯಲ್ಲಿ ತೊಟ್ಟಿಲ ಹಗ್ಗ ಇತ್ತು. ನಾಮಕರಣಕ್ಕೆಂದು ತುಮಕೂರಿನಿಂದ ತಂದದ್ದು, ಅರಿಸಿನ ಹಚ್ಚಿ ಸುತ್ತಿ ಇಟ್ಟಿದ್ದರು. ಅವ್ವ ಅದರ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಕೈ ಮಾತ್ರ ಮುಂದೆ ಬರಲಿಲ್ಲ.

ನೀರು ಹುಯ್ಯುವ ಅಜ್ಜಿ ಅಲ್ಲೇ ಇದ್ದಳು. "ಬ್ಯಾಡ ಕಣ್ರವ್ವ, ಮಗೀನ ತೊಟ್ಲಿಗಾಕೋಕ್ ಮುಂಚೆ ತೊಟ್ಲಗ್ಗ ನೀರಿಗೆ ಬುಡ್ಬಾರ್ದು. ಅಪಶಕುನ" ಅಂದಳು. ಅಳುತ್ತಲೇ ಅಂದಳು.

ಹೆದರಿಕೆ ನನಗೂ ಆಯಿತು. ಆಗಲಿಲ್ಲ ಅಂದರೆ ಸುಳ್ಳು. ಆದರೆ ಏರಿಯೇ ಹೋದರೆ ತೊಟ್ಟಿಲು ಎಲ್ಲಿ ಕಟ್ಟಲಿ? ಎದ್ದು ಹೋಗಿ ಹಗ್ಗ ಎತ್ತಿಕೊಂಡೆ, ಹೊಸಿಲು ದಾಟಿದೆ, ಅಂಗಳದ ಗಾಳಿಯಲ್ಲಿ ನಿಂತು ಅವ್ವನ ಕೈಗೆ ಹಾಕಿದೆ. "ಹೋಗು. ನಾ ಕೊಟ್ಟೆ ಅಂತ ಅಪ್ಪಂಗೆ ಹೇಳು" ಅಂದೆ.

ಆಮೇಲೆ ಮಾಡುವುದು ಏನೂ ಇರಲಿಲ್ಲ. ಮಗು ಅತ್ತಿತು, ಹಾಲು ಕೊಟ್ಟೆ, ಕಿವಿ ಮಾತ್ರ ಏರಿಯ ಕಡೆಗೇ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಇನ್ನೂ ಬೆಳಕಿತ್ತು. ಸದ್ದು ಬದಲಾದಂತೆ ಅನ್ನಿಸಿತು. ನನ್ನ ಆಸೆಯೇ ಹಾಗೆ ಕೇಳಿಸುತ್ತಿದೆಯೇನೋ ಎಂದು ಉಸಿರು ಬಿಗಿಹಿಡಿದು ಕೇಳಿದೆ. ರಪ್ ಇಲ್ಲ. ಒಣ ಸೋಗೆಯನ್ನು ಯಾರೋ ಎಳೆದುಕೊಂಡು ಹೋಗುವ ಹಾಗೆ ಸರಸರ, ಸರಸರ. ಗಾಳಿ ತೆಂಗಿನ ತಲೆಗಳನ್ನು ಮೊದಲಿನ ಹಾಗೇ ತಿರುಚುತ್ತಿತ್ತು. ಗಾಳಿ ನಿಂತಿರಲಿಲ್ಲ, ಅಲೆ ಏರಿಗೆ ಮುಟ್ಟುವುದು ನಿಂತಿತ್ತು. ಕಿಟಕಿಯಿಂದ ನೋಡಿದರೆ ಏರಿಯ ಮೇಲಿನ ಜನ ಸುಮ್ಮನೆ ಕೂತಿದ್ದರು. ಆ ಎರಡು ದಿನದಲ್ಲಿ ಅವರು ಕೂತದ್ದನ್ನು ಕಂಡದ್ದು ಆಗಲೇ. ನಾನು ಮೊರದ ಮೇಲೆ ಬಗ್ಗಿ ಜೋರಾಗಿ ಅತ್ತುಬಿಟ್ಟೆ.

ಸಂಜೆ ಓವರ್ಸಿಯರ್ ಕೋಡಿ ಕಡಿಸಲಿಲ್ಲ. ಎರಡು ಮೂರು ದಿನಕ್ಕೆ ಗಾಳಿಯೂ ಇಳಿಯಿತು. ನಾಮಕರಣಕ್ಕೆ ತೊಟ್ಟಿಲನ್ನು ಅವ್ವನ ಧಾರೆ ಸೀರೆಯಲ್ಲಿ ಕಟ್ಟಿದೆವು. ಏರಿ ಹತ್ತಲ್ಲ ಹೋಗು ಅಂದಿದ್ದೆನಲ್ಲ, ಅಪ್ಪ ನನ್ನ ಹತ್ತಿರ ಆ ಮಾತಿನ ಸುದ್ದಿ ಎತ್ತಲಿಲ್ಲ. ಮಗುವಿನ ಕಿವಿಯಲ್ಲಿ ಹೆಸರು ಹೇಳಲು ಬಗ್ಗಿದವನು ಎದ್ದು ಹೊರಗೆ ಹೋದ, ಮೂರು ಸಲವೂ ಅವ್ವನೇ ಹೇಳಿದಳು.

ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ನಾನು ಮಗಳನ್ನು ಎತ್ತಿಕೊಂಡು ನೋಡಲು ಹೋದೆ. ಉರುಳೆಗಳ ಹಿಂದೆ ಗೋಡು ಮಣ್ಣು ದಪ್ಪವಾಗಿ ಕೂತಿತ್ತು. ಕೊಳೆತ ಮಟ್ಟೆಯ ಸಂದಿಯಿಂದ ಹುಲ್ಲು ಎದ್ದಿತ್ತು. ತೊಟ್ಟಿಲ ಹಗ್ಗ ಗೂಟಕ್ಕೆ ಕಟ್ಟಿದ್ದು ಕಟ್ಟಿದ ಹಾಗೇ, ಬಣ್ಣ ಮಾತ್ರ ಹೋಗಿತ್ತು. ಬಿಚ್ಚಲು ಹೋದವನನ್ನು ಅಪ್ಪ ಗದರಿದ. ಮಳೆ ಶುರುವಾಗುವ ಮುಂಚೆ ಎಲ್ಲೆಲ್ಲಿಂದಲೋ ಲಕ್ಕಿ ಕಡ್ಡಿ ತಂದು ಏರಿಯ ಒಳಮೈಗೆ ಸಾಲು ಸಾಲಾಗಿ ನೆಟ್ಟ. ಬೇರೆ ಕಟ್ಟೆಗಳಿಂದ ಜೊಂಡಿನ ಗೆಡ್ಡೆ ಕಿತ್ತು ತಂದು, ಪಂಚೆ ಎತ್ತಿ ಕಟ್ಟಿ ಕೆಸರಿನಲ್ಲಿ ಊರಿದ. ಊರಿನವರು ನಗುತ್ತಿದ್ದರು. ಅವ್ವ ನಗಲಿಲ್ಲ. ಬುತ್ತಿ ಒಯ್ದು ಕೊಟ್ಟು, ಅವನು ಉಣ್ಣುವವರೆಗೂ ತಾನು ಕೂತು ಗೆಡ್ಡೆ ಬಿಡಿಸಿ ಕೊಡುತ್ತಿದ್ದಳು.

ನನ್ನ ಎರಡನೆಯ ಬಾಣಂತನಕ್ಕೆ ಏರಿಯಲ್ಲಿ ಲಕ್ಕಿ ಆಳೆತ್ತರ ಬೆಳೆದಿತ್ತು. ಆದರೂ ಸೊಪ್ಪು ಮಾತ್ರ ಅಪ್ಪ ಬೆಳ್ಳಾವಿ ಕಡೆಯಿಂದ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತರುತ್ತಿದ್ದ. "ಮನೆ ಮುಂದೆ ಇಟ್ಕಂಡು ಊರೆಲ್ಲ ಸುತ್ತಾರಾ?" ಎಂದು ನಾನು ಚುಡಾಯಿಸಿದರೆ, "ಅದ್ನ ಮುಟ್ಬ್ಯಾಡ, ಅದು ಕೆಲಸ ಮಾಡ್ತೈತೆ" ಅನ್ನುತ್ತಿದ್ದ.

ಎಂಬತ್ತರ ದಶಕದ ನಡುವೆ ಕೆರೆ ಮತ್ತೊಂದು ಸಲ ತುಂಬಿತು. ಮತ್ತೆ ಬಾಗಿನ, ಮತ್ತೆ ದೊಡ್ಡವರು. ಊರಿನ ಹೊಸ ಹುಡುಗರು ಮಚ್ಚು ಮಸೆದುಕೊಂಡು ಏರಿಗೆ ಬಂದರು. ಅಪ್ಪ ಅಷ್ಟರಲ್ಲೇ ಹೋಗಿ ಲಕ್ಕಿ ಸಾಲಿನ ಮುಂದೆ ಕಂಬಳಿ ಹಾಸಿ ಕೂತುಬಿಟ್ಟಿದ್ದ.

"ಏನ್ಲಾ, ಮಚ್ಚು ತಂದಿದೀರಾ? ಮೊದ್ಲು ನನ್ ಕತ್ತರ್ಸಿ, ಆಮೇಲೆ ಗಿಡ."

"ಅಲ್ಲ ಗೌಡ್ರೇ, ಬಂದೋರು ಹೆಂಗಿಳೀತಾರೆ?"

"ಸೆರಗು, ಪಂಚೆ ಎತ್ಕೊಂಡು ಗಿಡದ ಸಂದೀಲೇ ಇಳೀಲಿ. ಗಂಗಮ್ಮಂಗೇನೂ ನಾಚ್ಕೆ ಇಲ್ಲ."

ಹಾಗೇ ಇಳಿದರು. ಬಂದ ದೊಡ್ಡವರ ಹೆಂಡತಿಯ ರೇಷ್ಮೆ ಸೀರೆ ಲಕ್ಕಿಗೆ ಸಿಕ್ಕಿಕೊಂಡು ಬಿಡಿಸುವಷ್ಟರಲ್ಲಿ ಸಾಕುಸಾಕಾಯಿತು. ಆಕೆ ಮುಖ ಸಿಂಡರಿಸಿದರು. ಮೊರವನ್ನು ನೀರಿಗೆ ಬಿಟ್ಟರೆ ಅದು ನಾಲ್ಕು ಮಾರೂ ಹೋಗದೆ ಜೊಂಡಿನ ನಡುವೆ ಸಿಕ್ಕಿ ನಿಂತಿತು. ಜನ ಗುಸುಗುಸು ಅಂದರು. ಯಾರೋ ಕೋಲಿನಿಂದ ನೂಕಲು ಹೋದರು.

"ಯಾರೂ ಮುಟ್ಬ್ಯಾಡ್ರಿ" ಅಂದ ಅಪ್ಪ.

ಆವತ್ತೂ ಮೂಡಗಾಳಿ ಇತ್ತು. ಕೆರೆಯ ನಡುವೆ ಅಲೆಗಳು ಬೆಳ್ಳಗೆ ಎದ್ದು ನಮ್ಮ ಕಡೆಗೇ ಬರುತ್ತಿದ್ದವು. ನನ್ನ ಮೊದಲ ಮಗಳು ಆಗ ಇಸ್ಕೂಲಿಗೆ ಹೋಗುತ್ತಿದ್ದಳು. ತಾತನ ಕೈ ಹಿಡಿದುಕೊಂಡು, ಬಗ್ಗಿ, ಮೊರವನ್ನೇ ನೋಡುತ್ತಾ ನಿಂತಳು. ಜನ ಪ್ರಸಾದಕ್ಕೆ ಹೋದರೂ ಇಬ್ಬರೂ ಕದಲಲಿಲ್ಲ.

"ತಾತ, ಅದು ಅಲ್ಲಾಡ್ತಾನೇ ಇಲ್ಲ."

"ಹೂಂ ಕಣವ್ವ" ಅಂದ ಅಪ್ಪ. ಟವೆಲ್ಲಿನಿಂದ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿ, ಅಷ್ಟು ವರ್ಷದ ಮೇಲೆ, "ಈಗ ಹತ್ತೀಯಾ ಏರಿ?" ಎಂದು ಕೇಳಿದ.